ಒಲೆಗಾರ ಮಿರೊನ್‌ನ ಊಟ

ಒರೆಸ್ತ್ ಏಣಿಯ ನಾಲ್ಕನೇ ಮೆಟ್ಟಿಲಲ್ಲಿದ್ದ. ಸ್ತೆಫಾನಿಯಾ ಕೆಳಗಿನಿಂದ ತಮ್ಮನ ಕೋಟಿನ ಅಂಚು ಹಿಡಿದೆಳೆದಳು.

"ಇಳಿಯೋ ಕೆಳಗೆ."

"ಅಕ್ಕಾ, ಪಾದ್ರಿ ಬರೋ ಹೊತ್ತಾಯ್ತು. ಸಾವಿನ ಮನೇಲಿ ಚಿಮಣಿ ಹೀಗೆ ಊಳಿಡ್ತಿದ್ರೆ ಜನ ಏನಂದ್ಕೋತಾರೆ? ಆ ಬಾಟ್ಲಿ ಕತ್ತು ಕಿತ್ತೆಸೆದು ಬಂದ್ಬಿಡ್ತೀನಿ."

"ಇಟ್ಟೋನೇ ತೆಗೀಬೇಕು ಅದನ್ನ."

"ಇಟ್ಟೋನು ಪೆಟ್ಟಿಗೇಲಿ ಬರ್ತಿದಾನಲ್ಲಕ್ಕಾ," ಎಂದುಬಿಟ್ಟ ಒರೆಸ್ತ್. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು ಇಳಿದ.

ಅವಳ ಗಂಡ ಮಿರೊನ್ ಉಕ್ರೇನಿನ ತೆರ್ನೋಪಿಲ್ ಸೀಮೆಯ ಏಳು ಹಳ್ಳಿಗೆ ಒಲೆ ಕಟ್ಟಿಕೊಟ್ಟವನು. ಆ ಕಸುಬಿನವರದ್ದೊಂದು ಹಳೆಯ ತುಂಟತನವಿದೆ. ಹೊಟ್ಟೆ ತುಂಬ ಊಟ ಹಾಕದ ಮನೆಯ ಚಿಮಣಿಯಲ್ಲಿ ಒಡೆದ ಬಾಟಲಿಯ ಕತ್ತನ್ನು ಹುದುಗಿಸಿ ಹೋಗುತ್ತಾರೆ. ಗಾಳಿ ಎದ್ದಾಗಲೆಲ್ಲ ಅದು ಊಳಿಡುತ್ತದೆ. ಕರೆದು ಉಣ್ಣಿಸಿದ ಮೇಲೆಯೇ ಅದನ್ನು ತೆಗೆಯುವುದು.

*

ಸೈನ್ಯದ ಕರೆ ಬಂದಾಗ ಮಿರೊನ್‌ಗೆ ಐವತ್ತೆಂಟು ದಾಟಿತ್ತು.

"ಮಂಡಿ ನೋವು ಅಂತ ಡಾಕ್ಟ್ರಿಗೆ ಹೇಳಿದ್ಯಾ?" ಸ್ತೆಫಾನಿಯಾ ಕೇಳಿದಳು.

"ಅವ್ರು ಕೇಳ್ಲಿಲ್ಲ."

"ಕೇಳ್ದಿದ್ರೆ ನಿನ್ನ ಬಾಯಿಗೇನಾಗಿತ್ತು? ಕನ್ನಡಕ ಇಲ್ದೆ ನಿಂಗೆ ಸೂಜಿ ಕಾಣಲ್ಲ, ರಷ್ಯದೋರು ಕಾಣ್ತಾರಾ?"

"ಅರವತ್ತಾದ್ರೆ ಬಿಡ್ತಾರೆ ಕಣೇ. ವರ್ಷ ಒಂದೂವರೆ ವರ್ಷ ಹೇಗೋ ಕಳೆಯುತ್ತೆ."

ಹೊರಡುವ ಬೆಳಿಗ್ಗೆ ಸಿಟ್ಟಿಗೆ ಅವಳು ಒಲೆಯನ್ನೇ ಹಚ್ಚಲಿಲ್ಲ. ಅವನು ಚೀಲ ಕೆಳಗಿಟ್ಟು, ಒಡೆದ ಬಾಟಲಿಯ ಕತ್ತೊಂದನ್ನು ಜೇಬಿಗಿಳಿಸಿ, ಮಂಡಿ ಹಿಡಿದುಕೊಂಡು ಮಾಡು ಹತ್ತಿದ.

"ಊಟ ಹಾಕ್ದೆ ಕಳಿಸ್ತಿದೀಯ. ಊಳಿಡ್ತಿರ್ಲಿ. ಬಂದು ಉಂಡೇ ತೆಗೀತೀನಿ."

"ಬೀಳ್ತೀಯ ಮುದ್ಕಾ, ಇಳಿ!"

ಅದೇ ಅವಳು ಎದುರಿಗೆ ನಿಂತು ಅವನಿಗೆ ಆಡಿದ ಕೊನೆಯ ಮಾತಾಯಿತು.

*

ನೀಲಿ-ಹಳದಿ ಬಾವುಟ ಹೊದಿಸಿದ ಪೆಟ್ಟಿಗೆ ಬಂದಾಗ ಊರವರೆಲ್ಲ ಕೆಸರಿನಲ್ಲೇ ಮಂಡಿಯೂರಿದರು. ಅವನಿಗೆ ಅರವತ್ತಾಗಲು ಇನ್ನು ಮೂರು ವಾರವಿತ್ತು. ಮುಚ್ಚಳ ತೆರೆಯಬೇಡಿ ಎಂದರು ತಂದ ಸೈನಿಕರು. ಪೆಟ್ಟಿಗೆಯ ಜೊತೆ ಬಂದ ಸಾರ್ಜೆಂಟ್ ದನಿಲೊ, ಇಪ್ಪತ್ತಾರರ ಹುಡುಗ, ಕನ್ನಡಕವನ್ನು ಅವಳ ಕೈಗಿತ್ತ.

"ಅಮ್ಮಾ, ನಮ್ಮ ಬಂಕರಲ್ಲೂ ಮಿರೊನ್ ಮಾವ ಒಲೆ ಕಟ್ಟಿದ್ರು. ಅದ್ರ ಮುಂದೆ ಕೂತು ನಿಮ್ಮ ಎಲೆಕೋಸಿನ ಸುರುಳಿ ಕತೇನೇ ದಿನಾ. ಹೊರಡೋ ದಿನ ಹನ್ನೊಂದು ಬಡಿಸಿದ್ರಂತೆ, ಬೆಲ್ಟ್ ಹಾಕೋಕೇ ಆಗ್ಲಿಲ್ವಂತೆ. ನಾವು ಜೊಲ್ಲು ಸುರಿಸ್ತಿದ್ವಿ."

"ಹನ್ನೊಂದಾ?"

"ಹನ್ನೊಂದೇ. ಯಾವತ್ತೂ ಒಂದೂ ಕಮ್ಮಿ ಹೇಳ್ಲಿಲ್ಲ."

ಸ್ತೆಫಾನಿಯಾ ಕನ್ನಡಕದ ಕಡ್ಡಿಗಳನ್ನು ಮಡಿಸಿದಳು. ಅವಳ ಮಾನವನ್ನು ಅವನು ಅಷ್ಟು ದೂರದಲ್ಲೂ ಕಾಪಾಡಿಕೊಂಡು ಬಂದಿದ್ದ. ಅದನ್ನು ತಾಳಿಕೊಳ್ಳುವುದು ಅವಳಿಗೆ ಅವನ ಸಾವಿಗಿಂತ ಕಷ್ಟವಾಯಿತು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಬಡಿಸಲು ನಿಂತರು. ಮೊದಲ ತಟ್ಟೆ ಸತ್ತವನಿಗೆ. ಅದನ್ನು ಸ್ತೆಫಾನಿಯಾ ಅವರ ಕೈಯಿಂದ ಕಸಿದುಕೊಂಡಳು. ಸುರುಳಿಗಳನ್ನು ಒಂದೊಂದಾಗಿ ಹನ್ನೊಂದರವರೆಗೆ ಇಟ್ಟು, ಒಲೆಯ ಬಾಯಿಗೆ ತಂದಿರಿಸಿದಳು. ಹೊರಗೆ ಗಾಳಿ ಮತ್ತೆ ಎದ್ದಿತು.

"ಈಗ್ಲಾದ್ರೂ ತೆಗೀಲಾ ಅಕ್ಕಾ?" ಒರೆಸ್ತ್ ಮೆಲ್ಲಗೆ ಕೇಳಿದ.

"ಇರೋ. ಉಣ್ತಿದಾನೆ."

ತಟ್ಟೆಯಿಂದ ಎದ್ದ ಹಬೆ ಒಲೆಯತ್ತ ಬಾಗಿ ಒಳಗೆ ಹೋಗುತ್ತಿತ್ತು. ಮೇಲೆ ಚಿಮಣಿ ಊಳಿಡುತ್ತಲೇ ಇತ್ತು.