ಬಣ್ಣ ಹೋದ ಮೇಲಿನ ಏಟು

ಹೆಣ ಹೂಳುವ ಕುಣಿಗೆ ಅಡ್ಡ ಬಂದ ಕಲ್ಲನ್ನು ಎಬ್ಬಿಸಲು ಮೂವರು ಜೋತುಬಿದ್ದಾಗ ಉಕ್ಕಿನ ಹಾರಿ ನಡುವಿಗೇ ಬಾಗಿಹೋಯಿತು. ಕುಣಿ ತೋಡುತ್ತಿದ್ದ ಮಾಳಪ್ಪ ಅದನ್ನು ಹೆಗಲ ಮೇಲೆ ಹೊತ್ತು ಸತ್ತವನ ಮನೆಗೇ ಬಂದ. ಇನ್ನೆಲ್ಲಿಗೆ ಹೋದಾನು? ಸಿರಸಂಗಿಯ ಆಚೆಯ ಆ ಊರಿನಲ್ಲಿ ಬಾಗಿದ್ದನ್ನು ನೆಟ್ಟಗೆ ಮಾಡುತ್ತಿದ್ದವನು ಕಮ್ಮಾರ ಬಸವಣ್ಣೆಪ್ಪ ಒಬ್ಬನೇ. ಅವನೀಗ ಕೊರಳಿಗೆ ಹಾರ ಹಾಕಿಸಿಕೊಂಡು ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ.

"ಜೇಸಿಬಿ ತರಿಸೂನೇನ?" ಎಂದ ಅವನ ತಮ್ಮ ರಾಯಪ್ಪ.

"ಆ ಗೋರಿ ಸಂದ್ಯಾಗ ಎಲ್ಲಿಂದ ಬರತೈತ್ರಿ? ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು. ಅದೊಂದ ಕಲ್ಲ ಉಳದೈತಿ," ಎಂದ ಮಾಳಪ್ಪ.

ಬಸವಣ್ಣೆಪ್ಪನ ಹೆಂಡತಿ ಬಾಯವ್ವ ಹೆಣದ ಪಕ್ಕದಿಂದ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕುಲುಮಿ ಹಚ್ಚತೇನಿ."

"ವೈನಿ, ಹೆಣ ಕುಂತೈತಿ ಮನಿ ಮುಂದ! ಅಣ್ಣಗ ನೆಟ್ಟಗ ಬರದ ಕೆಲಸ ನಿಮಗ ಬರತೈತೇನು? ಕೈ ತಪ್ಪಿ ಕಣ್ಣ ಕಳಕೊಂಡಾಂವ ಅಂವ," ಎಂದ ರಾಯಪ್ಪ.

ಇಪ್ಪತ್ತು ವರ್ಷದಿಂದ ಊರೆಲ್ಲ ಅದೇ ಮಾತು. ಅರ್ಧ ಊರು ಆ ಮಾತಿಗೇ ನೇಗಿಲ ಕುಳವನ್ನು ಬೈಲಹೊಂಗಲದ ಕುಲುಮೆಗೆ ಒಯ್ಯತೊಡಗಿತ್ತು. ಬಾಯವ್ವ ಕುಲುಮೆಗೆ ನಡೆದಳು.

*

ಇಷ್ಟು ವರ್ಷ ಬಸವಣ್ಣೆಪ್ಪ ಕೈಸುತ್ತಿಗೆಯಿಂದ ಟಣ್ ಎಂದು ತೋರಿಸಿದ ಕಡೆ ಬಾಯವ್ವ ದೊಡ್ಡ ಸುತ್ತಿಗೆ ಬೀಸುತ್ತಿದ್ದಳು. ಉಕ್ಕನ್ನು ಪೂರಾ ಕೆಂಪಾಗಲು ಅವನು ಬಿಡುತ್ತಿರಲಿಲ್ಲ.

"ಭಾಳ ಕಾಸಿದ್ರ ಹೇಳಿದಂಗ ಕೇಳತೈತಿ ಖರೆ. ಆದ್ರ ಕಸುವು ಹೋಗತೈತಿ," ಎನ್ನುವನು.

ಬಾಗಿಲು ಮುಚ್ಚಿದರೆ ಮಾತ್ರ ಕಾಣುವ ಮಬ್ಬುಗೆಂಪು ಅವನ ಹದ. ಅದು ಇರುವಷ್ಟು ಹೊತ್ತು ಉಕ್ಕು ಹಟ ಮಾಡುತ್ತಲೇ ಬಾಗುತ್ತದೆ. ಆರಿ ನೀಲಿಗೆ ತಿರುಗಿತೋ, ಏಟಿಗೆ ಒಡೆಯುತ್ತದೆ. ಆಗ ಅವನು ಕೈಸುತ್ತಿಗೆಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಡ್ಡ ಮಲಗಿಸುವನು, ಸಾಕು ಎಂದು.

ಕಣ್ಣು ಹೋದ ದಿನವೂ ಮಲಗಿಸಿದ್ದ. ಬೆಳಗಿನ ಜಗಳದ ಸಿಟ್ಟು ಬಾಯವ್ವನಿಗೆ ಇನ್ನೂ ಇಳಿದಿರಲಿಲ್ಲ. ಇನ್ನೊಂದು ಏಟು ಹಾಕಿದಳು. ಚೂರು ಸಿಡಿದು ಅವನ ಎಡಗಣ್ಣಿಗೆ ನಾಟಿತು. ದವಾಖಾನೆಯಲ್ಲಿ ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು: "ನನ್ನ ಕೈ ತಪ್ಪಿತ್ರಿ."

*

ಮಗಳು ಮಂಜುಳಾ ಅಳುತ್ತಲೇ ಕುಲುಮೆಯ ಗಾಳಿಯ ಚಕ್ರ ತಿರುಗಿಸಿದಳು. ಬಾಯವ್ವ ಬಾಗಿಲು ಮುಚ್ಚಿಸಿ, ಗಂಡ ಕೂರುತ್ತಿದ್ದ ಜಾಗದಲ್ಲಿ ಮೊದಲ ಸಲ ಕೂತಳು. ಮಬ್ಬುಗೆಂಪು ಕಂಡದ್ದೇ ಹಾರಿಯನ್ನು ಅಡಿಗಲ್ಲಿಗೆ ಎಳೆದು ಕೈಸುತ್ತಿಗೆ ತಟ್ಟಿದಳು. ಮಾಳಪ್ಪ ಬೀಸಿದ. ನಾಲ್ಕನೆಯ ಏಟಿಗೆ ಬಾಗು ಬಹುಪಾಲು ಇಳಿಯಿತು. ಅವಳು ಕೈಸುತ್ತಿಗೆಯನ್ನು ಅಡ್ಡ ಮಲಗಿಸಿದಳು.

"ಇನ್ನೊಂದ ಏಟು ಬೇ, ಪೂರಾ ನೆಟ್ಟಗಾಗತೈತಿ," ಎಂದು ಮಾಳಪ್ಪ ಸುತ್ತಿಗೆ ಎತ್ತಿದ.

"ಬ್ಯಾಡಾ!"

ಆ ಕೂಗಿಗೆ ರಾಯಪ್ಪ ಓಡಿಬಂದು ಬಾಗಿಲು ತೆಗೆದ. ಬಾಯವ್ವ ಹಾರಿಯ ಕಡೆ ಕೈ ತೋರಿಸಿದಳು.

"ಬಣ್ಣ ಹೋಗೇತಿ. ಅವತ್ತ ಈ ಏಟು ನಾ ಹಾಕಿದ್ದೆ. ಅವರು ಸುತ್ತಿಗಿ ಮಲಗಿಸಿದ ಮ್ಯಾಲೆ, ಸಿಟ್ಟಿಗೆ ಬೇಕಂತ ಹಾಕಿದ್ದೆ. ನಿಮ್ಮ ಅಣ್ಣನ ಕೈ ತಪ್ಪಿರಲಿಲ್ಲ, ರಾಯಪ್ಪ."

ಮಾಳಪ್ಪ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಳಿಸಿದ.

ತುಸು ಸೊಟ್ಟಗೇ ಉಳಿದ ಆ ಹಾರಿಗೆ ಕಲ್ಲು ಎದ್ದಿತು. ಹೊತ್ತು ಮುಳುಗಲು ಇನ್ನೂ ಮಾರುದ್ದ ಬಿಸಿಲಿತ್ತು. ಕುಣಿಗೆ ಇಳಿದ ರಾಯಪ್ಪ ಅಣ್ಣನನ್ನು ಕೂರಿಸಿ, ವಿಭೂತಿ ಹಚ್ಚಲು ಹಣೆಯ ತನಕ ಒಯ್ದ ತನ್ನ ಕೈಯನ್ನು ತಾನೇ ತಡೆದ. ಮೇಲೆ ನೋಡಿ, "ಬರ್ರಿ ವೈನಿ," ಎಂದು ಕೈ ಚಾಚಿದ.

ಬಾಯವ್ವ ಇಳಿದಳು. ಗುಳಿಬಿದ್ದ ಎಡಗಣ್ಣಿನ ರೆಪ್ಪೆಯ ಮೇಲೆ ವಿಭೂತಿಯ ಹೆಬ್ಬೆರಳಿಟ್ಟವಳು ತೆಗೆಯಲೇ ಇಲ್ಲ. ಮೇಲೆ ಹಿಡಿಮಣ್ಣು ಹಿಡಿದವರೆಲ್ಲ ಕೈ ಬಿಗಿಮಾಡಿಕೊಂಡು ಕಾದು ನಿಂತರು.