ದೇವರನ್ನು ಕೇಳಿದರು, ಕಾಲೇಜನ್ನು ಕೇಳಲಿಲ್ಲ

ಮುಳಗುಂದದ ಶಾರದವ್ವನಿಗೆ ಈಚೆಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಶಿವರಂಜನಿ ಹೊರದೇಶಕ್ಕೆ ಓದಲು ಹೊರಟಿದ್ದಳು. ಅವಳ ಪಾಸ್‌ಪೋರ್ಟ್, ಮೂಲ ಅಂಕಪಟ್ಟಿ ಎಲ್ಲ ಗದುಗಿನ ಏಜೆಂಟನ ಕಪಾಟು ಸೇರಿದ್ದವು. ಯಾವಾಗ ಕೇಳಿದರೂ ಅವನದು ಒಂದೇ ಮಾತು: "ಸೀಟ್ ಆಗೇತ್ರಿ, ಸುಮ್ಮನಿರ್ರಿ."

ಗಂಡ ನಿಜಲಿಂಗಪ್ಪನಿಗೆ ಮಾತ್ರ ಚಿಂತೆ ಇರಲಿಲ್ಲ. ಕಾಗದ ಕೊಡುವ ಮುಂಚೆ ಅವನು ಗುಡಿಯಲ್ಲಿ ಪ್ರಸಾದ ಕೇಳಿದ್ದ. ದೇವರ ಮೈಗೆ ಹಚ್ಚಿದ ಹೂವು ಬಲಕ್ಕೆ ಬಿದ್ದಿತ್ತು. ಅಪ್ಪಣೆಯಾದ ಮೇಲೆ ಮತ್ತೆ ವಿಚಾರಿಸಿದರೆ ದೇವರನ್ನೇ ನಂಬದ ಹಾಗೆ ಎಂಬುದು ಅವನ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ.

ಕೊನೆಗೆ ಶಾರದವ್ವ ಬಾಜು ಮನೆಯ ಸೀಮಾಳನ್ನು ಕರೆದಳು. ಸೀಮಾ ಜರ್ಮನಿಯಲ್ಲಿ ಓದಿ ಬಂದು, ಬೆಟಗೇರಿಯ ಕಾಲೇಜಿನಲ್ಲಿ ಪಾಠ ಹೇಳುವವಳು.

"ಯಾವ ದೇಶರಿ ಕಾಕಾ?" ಎಂದು ಸೀಮಾ ನಿಜಲಿಂಗಪ್ಪನನ್ನು ಕೇಳಿದಳು.

"ಮೊದಲ ಕೆನಡಾ ಅಂದಿದ್ದ. ಈಗ ಬ್ಯಾರೆ ಹೆಸರ ಹೇಳತಾನ," ಎಂದ ನಿಜಲಿಂಗಪ್ಪ.

"ಕೆನಡಾದಾಗ ವೀಸಾ ಬಿಗಿ ಮಾಡ್ಯಾರ್ರಿ. ಅದಕ್ಕ ಮಂದಿ ಹೊಸ ಹೊಸ ದೇಶಕ್ಕ ಅರ್ಜಿ ಹಾಕಾಕತ್ತಾರ. ಹೆಸರ ಗೊತ್ತಿಲ್ಲದ ಕಾಲೇಜು, ಮೋಸ ಮಾಡವರಿಗೆ ಸುಗ್ಗಿ. ನೀವು ಕಾಲೇಜಿನವರನ್ನ ಕೇಳೀರೇನು?"

"ದೇವರನ್ನ ಕೇಳೇನಿ."

"ದೇವರು ಕೈ ಬಿಡೂದಿಲ್ಲ, ಖರೆ. ಆದ್ರ ಸೀಟು ಕೊಡೂದು ಕಾಲೇಜರಿ."

ನಿಜಲಿಂಗಪ್ಪ ಮುಖ ತಿರುಗಿಸಿದ. ಶಿವರಂಜನಿ, ಏಜೆಂಟ ಹೇಳಿದ್ದ ಕಾಲೇಜಿನ ವೆಬ್‌ಸೈಟಿನಲ್ಲಿದ್ದ ನಂಬರಿಗೆ ತಾನೇ ಫೋನ್ ಹಚ್ಚಿದಳು. ಶಾರದವ್ವನಿಗೆ ಇಂಗ್ಲಿಷ್ ಬಾರದು, ಮಗಳ ಮುಖವನ್ನೇ ನೋಡುತ್ತಿದ್ದಳು. ಆ ಮುಖ ನೋಡನೋಡುತ್ತ ಬಿಳಿಚಿಕೊಂಡಿತು.

"ಯವ್ವಾ, ನನ್ನ ಹೆಸರಿನ ಅರ್ಜಿನ ಬಂದಿಲ್ಲಂತ. ಆ ಏಜೆಂಟ ಯಾರಂತನೂ ಅವರಿಗೆ ಗೊತ್ತಿಲ್ಲಂತ."

ಶಾರದವ್ವ ಸೀಮಾಳ ಕಡೆ ತಿರುಗಿದಳು. "ಹಂಗಾರ ಇಕಿ ಅಲ್ಲಿ ಹೋಗಿ ಇಳದಿದ್ರ?"

"ಅಲ್ಲೇ ಹಿಡದು ಕೂಡಸ್ತಿದ್ರು ಕಾಕು. ಸೀಟ್ ಆಗೇತಂತ ಖೊಟ್ಟಿ ಕಾಗದ ಮಾಡಿದಾಂವ ಇಲ್ಲಿ ಆರಾಮ ಇರತಾನ. ಸಿಗಬೀಳಾಕಿ ಹುಡುಗಿ."

ನಿಜಲಿಂಗಪ್ಪ ಚಪ್ಪಲಿ ಮೆಟ್ಟಿದ. ಎಲ್ಲರೂ ಗದುಗಿನ ಬಸ್ ಹತ್ತಿದರು. ಆಫೀಸಿಗೆ ಕೀಲಿ ಬಿದ್ದಿದ್ದರೆ ಗತಿ ಏನು ಎಂಬುದೇ ಶಾರದವ್ವನ ಹೆದರಿಕೆ. ದಾರಿಯುದ್ದಕ್ಕೂ ಅವಳು ಮಗಳ ಕೈ ಬಿಡಲಿಲ್ಲ.

ಬಾಗಿಲು ತೆರೆದಿತ್ತು. ಏಜೆಂಟ "ನಾಳಿ ಬರ್ರಿ" ಎಂದ.

"ಕಾಗದ ಕೈಗೆ ಬರೂತನಕ ಏಳೂದಿಲ್ಲ. ಬೇಕಾದ್ರ ಪೊಲೀಸರನ್ನೂ ಇಲ್ಲೇ ಕರಸ್ತೇನಿ," ಎಂದು ನಿಜಲಿಂಗಪ್ಪ ಕುಳಿತೇಬಿಟ್ಟ.

ಪೊಲೀಸರ ಹೆಸರು ಕೇಳಿದ್ದೇ ಕಪಾಟು ತೆರೆಯಿತು. ಏಜೆಂಟ ಒಂದು ದೊಡ್ಡ ಕಟ್ಟು ಬಿಚ್ಚಿ ಹುಡುಕಿದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಚೀಟಿ ಅಂಟಿಸಿದ ಪಾಸ್‌ಪೋರ್ಟುಗಳು ಒಂದರ ಮೇಲೊಂದು ಇದ್ದವು. ಶಿವರಂಜನಿಯದು ಸಿಕ್ಕಿತು. ಅಂಕಪಟ್ಟಿಗಳೂ ಸಿಕ್ಕವು.

ಹೊರಗೆ ಬಂದ ಮೇಲೆ ಶಾರದವ್ವ ಆಫೀಸಿನ ಕಡೆ ತಿರುಗಿ ನೋಡಿದಳು. "ಆ ಕಟ್ಟಿನ್ಯಾಗ ಉಳದ ಮಕ್ಕಳ ಅವ್ವಂದಿರಿಗೆ ಖಬರ ಇಲ್ಲರಿ," ಎಂದಳು.

"ನಾನ ಮೊದಲ ವಿಚಾರಸಬೇಕಿತ್ತು," ಎಂದ ನಿಜಲಿಂಗಪ್ಪ. "ನಡೀರಿ, ಪೊಲೀಸ ಠಾಣೆಗೆ ಹೋಗೂಣು."

ಬಂಧುಗಳೇ, ಹೆಣ್ಣು ಕೊಡುವಾಗ ನಾಲ್ಕೂರು ತಿರುಗಿ ಮನೆತನ ವಿಚಾರಿಸುತ್ತೀರಿ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವಾಗ ಕಾಲೇಜನ್ನೂ ಹಾಗೆಯೇ ವಿಚಾರಿಸಿ. ಅರ್ಜಿ ಮುಟ್ಟಿದೆಯೇ ಎಂದು ನೀವೇ ಕೇಳಿ. ಮೂಲ ಕಾಗದ ಏಜೆಂಟನ ಕಪಾಟಿಗೆ ಬಿಡಬೇಡಿ. ಆಗಲೇ ಕೊಟ್ಟಿದ್ದರೆ ಇಂದೇ ಹೋಗಿ ತನ್ನಿ. ಆ ಕಟ್ಟಿನಲ್ಲಿ ಉಳಿದವು ಯಾರ ಮಕ್ಕಳವೋ, ನಮಗೆ ತಿಳಿಯದು.