ಅಜ್ಜಿ ಮಲಗಿದ್ದಾಳೆ

ಹೇಮಶ್ರೀಗೆ ಎಚ್ಚರವಾದದ್ದು ಅಮ್ಮ ಕಿರುಚಿದ ಸದ್ದಿಗೆ. ಪೂರಾ ಕಿರುಚಾಟವೂ ಅಲ್ಲ, ಶುರುವಾದದ್ದು ಅರ್ಧಕ್ಕೇ ನಿಂತುಬಿಟ್ಟಿತು. ಎದ್ದು ಬಂದು ಅಜ್ಜಿಯ ಕೋಣೆಯೊಳಗೆ ಇಣುಕಿದಳು. ಅಮ್ಮ ಸುನಿತಾ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಅಪ್ಪ ಕುಮಾರ್ ನೆಲದ ಮೇಲೆ ಕುಸಿದು ಕೂತಿದ್ದ. ಅಪ್ಪನ ಅಣ್ಣ, ಮನೆಗೆ ಹಿರಿಯನಾದ ಜವರಯ್ಯ ದೊಡ್ಡಪ್ಪ, ಅಜ್ಜಿ ಚಿಕ್ಕಬೋರಮ್ಮನ ತೆರೆದ ಕಣ್ಣುಗಳನ್ನು ಅಂಗೈಯಿಂದ ಮುಚ್ಚುತ್ತಿದ್ದ.

ಹೇಮಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು. ಅಯ್ಯೋ, ನನ್ನಜ್ಜಿ! ಅದರ ಬೆನ್ನಿಗೇ ಇನ್ನೊಂದು ಮಾತು ಮನಸ್ಸಿಗೆ ಬಂತು, ಅದು ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಸೀಟು ಹೋಯಿತು.

ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷಕ್ಕೆ ನೇರ ಸೇರಬಹುದು ಅಂತ ಹೇಳುವವರೇನೋ ಸಲೀಸಾಗಿ ಹೇಳಿಬಿಡುತ್ತಾರೆ. ಸೇರಿ ನೋಡಲಿ, ಗೊತ್ತಾಗುತ್ತದೆ! ಪಿಯುಸಿ ಓದಿದವರೆಲ್ಲ ಹೊಟ್ಟೆ ತುಂಬ ಉಂಡು ಎದ್ದ ಮೇಲೆ ಎಲೆಯ ತುದಿಯಲ್ಲಿ ಉಳಿದದ್ದು ಇವರ ಪಾಲು. ಅದಕ್ಕೂ ಒಂದು ಪರೀಕ್ಷೆ, ಅದಕ್ಕೂ ರಾಜ್ಯದ ತುಂಬ ನೂಕುನುಗ್ಗಲು. ತೊಣ್ಣೂರಿನ ಪಕ್ಕದ ಈ ಊರಿಂದ ಮೂರು ವರ್ಷ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬಂದ ಹುಡುಗಿಗೆ ಮೈಸೂರಿನ ಆ ದೊಡ್ಡ ಕಾಲೇಜು ಸಿಗುತ್ತದೆಂದು ಪಾಠ ಹೇಳಿದ ಮೇಷ್ಟ್ರುಗಳೂ ನಂಬಿರಲಿಲ್ಲ. ನಂಬಿದ್ದವಳು ಅಜ್ಜಿ ಒಬ್ಬಳೇ. ಮುಂಜಾನೆ ಕತ್ತಲಲ್ಲಿ ಬ್ಯಾಟರಿ ಹಿಡಿದು ಬಸ್‌ಸ್ಟಾಪಿನ ತನಕ ಬರುತ್ತಿದ್ದವಳೂ ಅವಳೇ.

ಕೊನೆಯ ಸುತ್ತಿನಲ್ಲಿ ಸೀಟು ಬಂತು. ಅದೇ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಆಸ್ಪತ್ರೆ, ಮನೆ ಅಂತ ಅಜ್ಜಿಯ ಮಗ್ಗುಲಲ್ಲೇ ಇದ್ದುಬಿಟ್ಟ ಹೇಮಶ್ರೀ, ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಾ ಗಡುವಿನ ಅಂಚಿಗೆ ಬಂದಿದ್ದಳು. ಇವತ್ತೇ ಕೊನೆ. ಸಂಜೆಯೊಳಗೆ ಹೋಗಿ ಸೇರದಿದ್ದರೆ ಸೀಟು ಇನ್ಯಾರದೋ.

ಆದರೆ ಹೆಣ ಮನೆಯಲ್ಲಿರುವಾಗ ಮೊಮ್ಮಗಳು ಹೊಸಿಲು ದಾಟಿ ಕಾಲೇಜು ಸೇರಲು ಹೋಗುವುದುಂಟೆ? ಊರು ಬಾಯಿಗೆ ಬಂದದ್ದು ಆಡುತ್ತದೆ. ಊರಿನ ಮಾತು ಹಾಗಿರಲಿ, ಜವರಯ್ಯನೇ ಬಿಡುವವನಲ್ಲ. ದಾಯಾದಿಗಳಲ್ಲಿ ಯಾರೋ ದೂರದ ಮುದುಕ ಸತ್ತನೆಂದು, ಸೂತಕ ಕಳೆಯಲಿ ಅಂತ ಹೆತ್ತ ಮಗಳ ನಿಶ್ಚಿತಾರ್ಥವನ್ನೇ ಮುಂದೂಡಿದ ಮನುಷ್ಯ ಅವನು. ಗಂಡಿನವರು ಮುನಿಸಿಕೊಂಡು ಬೇರೆ ಕಡೆ ಹೆಣ್ಣು ನೋಡಿಕೊಂಡರೂ ಜಗ್ಗಿರಲಿಲ್ಲ. ಹೇಮಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡು, ಅವನ ಬಾಯಿಂದ ಬರುವ ಮಾತಿಗೆ ಕಾದಳು.

ದೊಡ್ಡಪ್ಪ ಅಜ್ಜಿಯ ಹೊದಿಕೆಯನ್ನು ಎದೆಯವರೆಗೆ ಎಳೆದ. ತಿರುಗಿ ಅವಳನ್ನು ನೋಡಿದ. ಅವಳು ಎಲ್ಲ ಕಂಡಿದ್ದಾಳೆಂದು ಅವನಿಗೆ ಗೊತ್ತಾಯಿತು.

"ಅಜ್ಜಿ ಮಲಗವ್ಳೆ ಕಣವ್ವ" ಎಂದ. "ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಒಳಿಕ್ಕೆ ಬರ್ಬ್ಯಾಡ, ಮುಟ್ಬ್ಯಾಡ. ಓಗು, ಮಕ ತೊಳ್ಕೊಂಡು ರೆಡಿಯಾಗು."

"ದೊಡ್ಡಪ್ಪಾ..."

"ಮಲಗವ್ಳೆ ಅಂದ್ನಲ್ಲವ್ವ. ಎದುರು ಮಾತಾಡ್ಬ್ಯಾಡ." ಆಮೇಲೆ ಅಮ್ಮನ ಕಡೆ ತಿರುಗಿ, "ಸುನಿತಾ, ಒಲೆ ಅಚ್ಚು. ಮಗ ಅಸ್ಕೊಂಡು ಓಗಬಾರ್ದು. ಯಾರೂ ಬಾಯಿ ಬುಡಂಗಿಲ್ಲ, ಕೇಳ್ತಾ? ಇವ್ಳು ಅಲ್ಲಿ ಸೇರ್ಕೊಳಗಂಟ ಈ ಮನೇಲಿ ಏನೂ ಆಗಿಲ್ಲ" ಎಂದ.

ಸಾವಿನ ಮನೆಯಲ್ಲಿ ಒಲೆ! ಅಮ್ಮ ಉಪ್ಪಿಟ್ಟು ಕೆದಕಿದಳು. ಹೇಮಶ್ರೀ ತಟ್ಟೆ ಮುಂದೆ ಕೂತಳು. ದೊಡ್ಡಪ್ಪ ಎದುರಿಗೇ ನಿಂತಿದ್ದ. ಅವನಿಗೋಸ್ಕರ ನೀರು ಕುಡಿಕುಡಿದು ತಟ್ಟೆ ಖಾಲಿ ಮಾಡಿದಳು. ಹೊರಡುವಾಗ ಅಜ್ಜಿಯ ಕಾಲಿಗೆ ಬೀಳಬೇಕೆಂದು ಜೀವ ಹಂಬಲಿಸಿತು. ಮುಟ್ಟಿದರೆ ಮುಗಿಯಿತು, ಸಾವನ್ನು ಒಪ್ಪಿಕೊಂಡ ಹಾಗೆ. ದೂರದಿಂದಲೇ ಕೈ ಮುಗಿದು, "ಓಗ್ಬತ್ತೀನಿ ಕಣಜ್ಜಿ" ಎಂದಳು. ಅಪ್ಪ ಆಗಲೇ ಎದ್ದು ಅಂಗಳಕ್ಕೆ ಓಡಿದ್ದ.

ಅಪ್ಪನ ಟಿವಿಎಸ್ಸಿನ ಹಿಂದೆ ಕೂತು ಹೇಮಶ್ರೀ ಹೊರಟಳು. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದಿದ್ದ ಊರಿನ ಪುಟ್ಟಸ್ವಾಮಿ ಅಡ್ಡ ಬಂದ.

"ಲೇ ಕುಮಾರ, ನಿಮ್ಮವ್ವ ಎಂಗವ್ಳ್ಲಾ?"

ಅಪ್ಪನ ಬೆನ್ನು ಸೆಟೆದುಕೊಂಡದ್ದು ಅವಳಿಗೆ ಗೊತ್ತಾಯಿತು. "ಅಂಗೇ ಅವ್ಳೆ ಕಣ್ಲಾ. ಮಲಗವ್ಳೆ" ಎಂದವನೇ ಗಾಡಿಯನ್ನು ಜೋರು ಮಾಡಿದ. ಪಾಂಡವಪುರದ ತನಕ ಅವನ ಹೆಗಲು ಅದುರುತ್ತಲೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಗಳ ಮುಖ ನೋಡದೆ, "ಉಷಾರು ಮಗಾ" ಎಂದಷ್ಟೇ ಹೇಳಿ, ತಾಯಿಯ ಹತ್ತಿರ ಕೂರಲು ವಾಪಸು ಹೋದ. ಪಾಪ, ಕೂತು ಅಳುವ ಹಾಗೂ ಇರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತು ನಿಂತು ಹೊರಟಿತು. ಹೊಳೆ ದಾಟುವಾಗ ಪಕ್ಕದ ಹೆಂಗಸು, "ಯಾಕವ್ವ, ಮೈಗುಸಾರಿಲ್ವ?" ಎಂದು ಕೇಳಿದಳು. ಹೇಮಶ್ರೀ ತಲೆಯಾಡಿಸಿದಳು. ಊರಲ್ಲಿ ಒಂದು ಮನೆಯ ಮಂದಿಯೆಲ್ಲ ಬಾಯಿ ಕಟ್ಟಿಕೊಂಡು ಕೂತಿದ್ದಾರೆ. ಇವಳು ತಡ ಮಾಡಿದಷ್ಟೂ ಅಜ್ಜಿ ಅಲ್ಲಿ ದಿಕ್ಕಿಲ್ಲದವಳ ಹಾಗೆ, ಒಂದು ಹನಿ ಕಣ್ಣೀರಿಲ್ಲದೆ ಬಿದ್ದಿರಬೇಕು. ಇಂಥ ಸೀಟು ಬೇಕಿತ್ತೇ ಎನ್ನಿಸಿತು. ಇಳಿದು ವಾಪಸು ಹೋಗಲೇ? ಹೋದರೆ ಆ ಉಪ್ಪಿಟ್ಟಿಗೆ, ಅಪ್ಪ ಆಡಿದ ಸುಳ್ಳಿಗೆ ಬೆಲೆಯೇನು? ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಳು.

ಕಾಲೇಜಿನಲ್ಲಿ ಉದ್ದ ಸಾಲು. ಎಲ್ಲರ ಜೊತೆಗೂ ಅಪ್ಪ ಅಮ್ಮಂದಿರಿದ್ದರು. ಯಾರೋ ಒಬ್ಬರು ಪೇಡ ಹಂಚುತ್ತಿದ್ದರು. ಬೇಡವೆಂದರೂ ಇವಳ ಕೈಗೂ ಒಂದು ಹಾಕಿದರು. ಅವಳ ಸರದಿ ಬರುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಕಿಟಕಿಯೊಳಗಿದ್ದ ಗುಮಾಸ್ತ ಕಾಗದಗಳನ್ನು ತಿರುವಿ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದ.

"ಆಯ್ತಮ್ಮ, ಅಡ್ಮಿಶನ್ ಆಯ್ತು. ಒಬ್ಬಳೇ ಬಂದಿದೀಯಲ್ಲ, ಮನೆಯವರು?"

"ಮನೇಲಿ ಕೆಲಸ ಇತ್ತು ಸಾರ್."

"ಎಂಥಾ ಕೆಲಸಾನಮ್ಮ ಇವತ್ತು? ಈ ಸೀಟಿಗೆ ಎಷ್ಟು ಜನ ಬಾಯಿ ಬಿಡ್ತಿದ್ರು ಗೊತ್ತಾ? ನಗಮ್ಮಾ, ನಗು!"

ಅವಳು ನಕ್ಕಳು. ಕಾರಿಡಾರಿನ ಮೂಲೆಗೆ ಬಂದು ಫೋನು ಮಾಡಿದಳು. ಮೊದಲ ರಿಂಗಿಗೇ ದೊಡ್ಡಪ್ಪ ಎತ್ತಿಕೊಂಡ.

"ಸೇರ್ಕೊಂಡೆ ದೊಡ್ಡಪ್ಪ."

"ಪೂರಾ ಆಯ್ತಾ? ಇನ್ಯಾರೂ ಕಿತ್ಕೊಳಾಕಿಲ್ಲ ತಾನೆ?"

"ಇಲ್ಲ. ನಂದೇಯ."

ಆಮೇಲೆ ದೊಡ್ಡಪ್ಪ ಮನೆಯೊಳಗಿನವರಿಗೆ ಹೇಳಿದ್ದು ಕೇಳಿಸಿತು. "ಅಳ್ರವ್ವ... ಇನ್ನು ಅಳ್ರಿ."

ಮನೆಯಿಂದ ಗೋಳು ಎದ್ದಿತು. ಅಮ್ಮನದು, ಅದರ ಮೇಲೆ ಅಪ್ಪನದು, ಗಂಡಸು ಹಾಗೆ ಅಳುವುದನ್ನು ಹೇಮಶ್ರೀ ಯಾವತ್ತೂ ಕೇಳಿರಲಿಲ್ಲ. ಆ ಸದ್ದಿನ ನಡುವೆ ದೊಡ್ಡಪ್ಪ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಹೇಳಿದ:

"ನೀನೂ ಅತ್ಬುಡು ಮಗಾ. ಅತ್ಬುಟ್ಟು ಬಸ್ಸತ್ತು. ನೀನು ಬರಗಂಟ ಅವ್ವನ್ನ ಎತ್ತಾಕಿಲ್ಲ."

ಹೇಮಶ್ರೀ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರೆಲ್ಲ ನಿಂತು ನೋಡುವಂತೆ ಜೋರಾಗಿ ಅತ್ತಳು.